ನೋವಿನ ಗುಳಿಗಿಯೂ ಕಿಡ್ನಿಯ ಎರಡು ಗೇಟೂ

ಭಾಲ್ಕಿ ತಾಲ್ಲೂಕಿನ ಓದುಗರೊಬ್ಬರು ಒಂದೇ ಸಾಲಿನ ಪ್ರಶ್ನೆ ಕಳಿಸಿದ್ದಾರೆ: "ಮೈಕೈ ನೋವಿನ ಗುಳಿಗಿ ತಗೊಂಡ್ರ ಕಿಡ್ನಿ ಹೋಗ್ತದ ಅಂತಾರಲ್ರಿ, ಖರೇನಾ?" ಹೌದು ಅಂದರೂ ತಪ್ಪು, ಇಲ್ಲ ಅಂದರೂ ತಪ್ಪು. ಗಟ್ಟಿಮುಟ್ಟಾದ ಆಳು ಉಂಡು, ನೀರು ಕುಡಿದು, ನೆರಳಲ್ಲಿ ಕೂತು ಎರಡು ದಿನ ನುಂಗಿದರೆ ಸಾಮಾನ್ಯವಾಗಿ ಏನೂ ಆಗದು. ಅದೇ ಆಳು ಮಾರ್ಚಿನ ಬಿಸಿಲಲ್ಲಿ ದಿನವಿಡೀ ಕಬ್ಬು ಕಡಿದು, ಬಾಯಿ ಒಣಗಿಸಿಕೊಂಡು, ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಅದೇ ಗುಳಿಗಿ ಕೊಂಡು ನುಂಗಿದಾಗ ಕಿಡ್ನಿಯೊಳಗೆ ನಡೆಯುವುದು ಬೇರೆಯೇ ಕತೆ.

ಒಂದೊಂದು ಕಿಡ್ನಿಯಲ್ಲಿ ನೆಫ್ರಾನ್ ಎಂಬ ಸೋಸುವ ಘಟಕಗಳು ಸುಮಾರು 10 ಲಕ್ಷ ಇವೆ. ಪ್ರತಿಯೊಂದರ ತಲೆಯಲ್ಲೂ ಕಣ್ಣಿಗೆ ಕಾಣದಷ್ಟು ಸಣ್ಣ ರಕ್ತನಾಳಗಳ ಗಂಟು. ಇಟಲಿಯ ಮಾಲ್ಪೀಘಿ 17ನೇ ಶತಮಾನದಲ್ಲೇ ಈ ಗಂಟುಗಳನ್ನು ಕಂಡಿದ್ದ. 1842ರಲ್ಲಿ ಲಂಡನ್ನಿನ ಬೌಮನ್ ಗಂಟಿನ ಸುತ್ತ ಒಂದು ಬಟ್ಟಲಿದೆ, ಅದು ಮೂತ್ರದ ಕೊಳವೆಗೆ ಸೇರುತ್ತದೆ ಎಂದು ತೋರಿಸಿದ. ಅದೇ ವರ್ಷ ಜರ್ಮನಿಯ ಕಾರ್ಲ್ ಲುಡ್ವಿಗ್, ಮೂತ್ರ ಹುಟ್ಟುವುದು ರಕ್ತದ ಒತ್ತಡದಿಂದ ಸೋಸಿ ಬಂದ ನೀರಿನಿಂದಲೇ ಎಂದ. ಬೌಮನ್ನನ ಊಹೆ ಬೇರೆ ಇತ್ತು. 80 ವರ್ಷ ಈ ವಾದ ಎಳೆಯಿತು. ಕೊನೆಗೆ 1924ರಲ್ಲಿ ಅಮೆರಿಕದ ವೇರ್ನ್ ಮತ್ತು ರಿಚರ್ಡ್ಸ್ ಕಪ್ಪೆಯ ಕಿಡ್ನಿಯ ಒಂದು ಗಂಟಿನ ಬಟ್ಟಲಿಗೆ ಸೂಜಿಗಿಂತ ಸಪೂರದ ಕೊಳವೆ ಚುಚ್ಚಿ, ಅಲ್ಲಿಯ ದ್ರವ ಹೀರಿ ಪರೀಕ್ಷಿಸಿದರು. ಲುಡ್ವಿಗ್ ಗೆದ್ದ. ಮನುಷ್ಯನ ಕಿಡ್ನಿಗಳು ದಿನಕ್ಕೆ ಸುಮಾರು 180 ಲೀಟರ್ ಸೋಸಿ, ಒಂದೂವರೆ ಲೀಟರಿನಷ್ಟನ್ನು ಹೊರಗೆ ಬಿಟ್ಟು, ಉಳಿದದ್ದನ್ನೆಲ್ಲ ಮರಳಿ ರಕ್ತಕ್ಕೆ ಸೇರಿಸುತ್ತವೆ.

ಎಲ್ಲವೂ ಒತ್ತಡದ ಆಟ ಎಂದಾದ ಮೇಲೆ, ಒತ್ತಡ ಕಾಯುವವರು ಯಾರು? ಕಾರಂಜಾ ಕಾಲುವೆಯ ಕೆಳಗೆ ಹೊಲವಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೀರು ಒಳಬರುವಲ್ಲಿ ಒಂದು ಗೇಟು, ಹೊರಹೋಗುವಲ್ಲಿ ಒಂದು ಗೇಟು, ನಡುವೆ ನೀರಿನ ಮಟ್ಟ ಒಂದೇ ಸಮ ನಿಲ್ಲಬೇಕು. ಮೇಲಿನಿಂದ ಬರುವ ನೀರು ಕಡಿಮೆಯಾದರೆ ಒಳಗೇಟು ಪೂರ್ತಿ ಎತ್ತಿ, ಹೊರಗೇಟು ಅರ್ಧ ಇಳಿಸುತ್ತೀರಿ. ರಕ್ತನಾಳದ ಗಂಟಿಗೂ ಹೀಗೆ ಎರಡು ಗೇಟುಗಳಿವೆ. ಬೆವರು ಸುರಿದು ಮೈಯ ನೀರು ಕಡಿಮೆಯಾದಾಗ ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕ ಒಳಗೇಟನ್ನು ಎತ್ತಿ ಹಿಡಿಯುತ್ತದೆ. ಆಂಜಿಯೊಟೆನ್ಸಿನ್ ಹೊರಗೇಟನ್ನು ಬಿಗಿ ಮಾಡುತ್ತದೆ. ಮೈಗೆ ಬರ ಬಿದ್ದರೂ ಸೋಸುವ ಕೆಲಸ ನಿಲ್ಲುವುದಿಲ್ಲ.

1971ರಲ್ಲಿ ಇಂಗ್ಲೆಂಡಿನ ಜಾನ್ ವೇನ್, ಆಸ್ಪಿರಿನ್ನಿನಂಥ ನೋವುನಿವಾರಕಗಳು ಪ್ರೋಸ್ಟಗ್ಲಾಂಡಿನ್ ತಯಾರಿಯನ್ನೇ ತಡೆಯುತ್ತವೆ ಎಂದು ತೋರಿಸಿದ. 1982ರಲ್ಲಿ ಅದಕ್ಕೆ ನೊಬೆಲ್ ಬಂತು. ಮೊಣಕಾಲಿನಲ್ಲಿ ಬಾವು, ನೋವು ಎಬ್ಬಿಸುವುದೂ ಇದೇ ಪ್ರೋಸ್ಟಗ್ಲಾಂಡಿನ್, ಕಿಡ್ನಿಯ ಒಳಗೇಟು ಎತ್ತಿ ಹಿಡಿದದ್ದೂ ಇದೇ. ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸೆಕ್ಲೋಫೆನಾಕ್ ಎರಡೂ ಕಡೆ ಅದನ್ನು ತಡೆಯುತ್ತವೆ. ನೋವೂ ಇಳಿಯುತ್ತದೆ, ಗೇಟೂ ಇಳಿಯುತ್ತದೆ. ನೀರು ಸಾಕಷ್ಟಿದ್ದವನಿಗೆ ಗೇಟು ತುಸು ಇಳಿದರೆ ತೊಂದರೆಯಿಲ್ಲ. ಬತ್ತಿದವನಿಗೆ ಸೋಸುವಿಕೆಯೇ ನಿಲ್ಲಬಹುದು. ಬೇಗ ಗೊತ್ತಾಗಿ ಗುಳಿಗಿ ಬಿಟ್ಟು ನೀರು ತುಂಬಿಸಿದರೆ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ಸುಗ್ಗಿಯುದ್ದಕ್ಕೂ, ವರ್ಷವರ್ಷವೂ ಇದೇ ನಡೆದರೆ ಗಾಯ ಕಲೆಯಾಗಿ ಉಳಿಯುತ್ತದೆ.

ಬಿ.ಪಿ. ಇದ್ದವರ ಕತೆ ಇನ್ನೂ ಸೂಕ್ಷ್ಮ. ಎನಾಲಪ್ರಿಲ್, ಟೆಲ್ಮಿಸಾರ್ಟಾನ್‌ನಂಥ ಗುಳಿಗಿಗಳು ಹೊರಗೇಟನ್ನು ಸಡಿಲಿಸುತ್ತವೆ. ಕಿಡ್ನಿಗೆ ಅದು ಒಳ್ಳೆಯದೇ, ಬಿಡಬಾರದು. ಆದರೆ ಅದರ ಜೊತೆ ಮೂತ್ರ ಹೆಚ್ಚಿಸುವ ಗುಳಿಗಿಯೂ ಇದ್ದು, ಮೇಲೆ ನೋವಿನ ಗುಳಿಗಿಯೂ ಸೇರಿತೆನ್ನಿ: ಬರುವ ನೀರು ಕಡಿಮೆ, ಒಳಗೇಟು ಇಳಿದಿದೆ, ಹೊರಗೇಟು ತೆರೆದಿದೆ. ಮೂರೂ ಒಟ್ಟಾದಾಗ ಕಿಡ್ನಿ ದಿಢೀರನೆ ಸೋಲುವ ಅಪಾಯವನ್ನು ಜಗತ್ತಿನ ವೈದ್ಯರೆಲ್ಲ ಬಲ್ಲರು. ಬಿ.ಪಿ. ಗುಳಿಗಿ ಬರೆದುಕೊಟ್ಟ ಡಾಕ್ಟರಿಗೆ ಅಂಗಡಿಯಿಂದ ತಂದ ನೋವಿನ ಗುಳಿಗಿಯ ಸುದ್ದಿ ತಿಳಿದಿರುವುದಿಲ್ಲ ಅಷ್ಟೆ.

ಡೈಕ್ಲೋಫೆನಾಕ್ ಕಾನೂನಿನ ಪ್ರಕಾರ ಚೀಟಿಯಿಲ್ಲದೆ ಮಾರುವ ಔಷಧವಲ್ಲ. ಮಾರುವುದನ್ನು ನಾವೆಲ್ಲ ನೋಡಿದ್ದೇವೆ. ಮಜಾ ಎಂದರೆ, ಇದೇ ಔಷಧವನ್ನು ದನಗಳಿಗೆ ಕೊಡಕೂಡದೆಂದು ಸರ್ಕಾರ 2006ರಲ್ಲೇ ನಿಷೇಧಿಸಿದೆ. ಆ ಕತೆ ಬೀದರಿನವರಿಗೆ ಗೊತ್ತಿರಬೇಕಾದ್ದು. ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯ ಇರುವುದು ಇಲ್ಲಿಯ ನಂದಿನಗರದಲ್ಲಿ, ದೇವಣಿ ತಳಿಯ ದನಗಳ ಸೀಮೆಯೂ ಇದೇ. 1990ರ ದಶಕದಲ್ಲಿ ದೇಶದ ರಣಹದ್ದುಗಳು ಸಾಲುಸಾಲಾಗಿ ಸತ್ತವು. ಕೆಲವು ಜಾತಿಗಳಲ್ಲಿ ನೂರಕ್ಕೆ 97ಕ್ಕಿಂತ ಹೆಚ್ಚು ಹೋದವು. ಸೋಂಕು ಎಂದರು, ಕೀಟನಾಶಕ ಎಂದರು. ಸತ್ತ ಹಕ್ಕಿಗಳನ್ನು ಸೀಳಿದರೆ ಒಳಗಿನ ಅಂಗಗಳ ಮೇಲೆಲ್ಲ ಬಿಳಿಯ ಯೂರಿಕ್ ಆಮ್ಲ: ಕಿಡ್ನಿ ಸೋತ ಗುರುತು. ಪಾಕಿಸ್ತಾನದಲ್ಲಿ ಸಂಶೋಧನೆ ನಡೆಸಿದ ಲಿಂಡ್ಸೆ ಓಕ್ಸ್ ತಂಡ 2004ರಲ್ಲಿ ಉತ್ತರ ಕೊಟ್ಟಿತು. ಕುಂಟುವ ದನಕ್ಕೆ ಚುಚ್ಚಿದ ಡೈಕ್ಲೋಫೆನಾಕ್ ಅದರ ಹೆಣದಲ್ಲಿ ಉಳಿದು, ತಿಂದ ಹದ್ದನ್ನು ಕೊಲ್ಲುತ್ತಿತ್ತು. ನಿಷೇಧದ ಮೇಲೂ ಮನುಷ್ಯರಿಗೆಂದು ಬಂದ ದೊಡ್ಡ ಬಾಟಲಿಗಳು ದನದ ಕೊಟ್ಟಿಗೆ ಸೇರುತ್ತಿದ್ದವು. ಅದಕ್ಕೇ 2015ರಲ್ಲಿ ಮನುಷ್ಯರ ಇಂಜೆಕ್ಷನ್ನನ್ನು 3 ಮಿಲಿ ಲೀಟರಿಗಿಂತ ದೊಡ್ಡ ಬಾಟಲಿಯಲ್ಲಿ ಮಾರುವಂತಿಲ್ಲ ಎಂದಾಯಿತು. 2023ರಲ್ಲಿ ಅಸೆಕ್ಲೋಫೆನಾಕ್, ಕೀಟೊಪ್ರೊಫೆನ್ ಕೂಡ ದನಗಳಿಗೆ ನಿಷಿದ್ಧವಾದವು.

ಮನುಷ್ಯ ಹದ್ದಲ್ಲ, ಒಂದು ಗುಳಿಗಿಗೆ ಸಾಯುವುದಿಲ್ಲ. ಹೆದರಿಸಲು ಈ ಕತೆ ಹೇಳಲಿಲ್ಲ. ಮನುಷ್ಯರ ಲೆಕ್ಕ ಬೇರೆ ಇದೆ: 1953ರಲ್ಲಿ ಸ್ವಿಟ್ಜರ್ಲೆಂಡಿನ ಸ್ಪ್ಯೂಲರ್ ಮತ್ತು ಜೋಲಿಂಗರ್, ನೋವಿನ ಮಿಶ್ರಣಗಳನ್ನು ವರ್ಷಗಟ್ಟಲೆ ನುಂಗಿದವರಲ್ಲಿ ಕಿಡ್ನಿ ಸೊರಗುವುದನ್ನು ವರದಿ ಮಾಡಿದರು. ಗಡಿಯಾರ ಕಾರ್ಖಾನೆಗಳ ಕೆಲಸಗಾರರು ತಲೆನೋವು ತಡೆದು ಕೆಲಸ ಮುಂದುವರಿಸಲು ಅವನ್ನು ದಿನವೂ ತಿನ್ನುತ್ತಿದ್ದರು. ನಾಳೆ ಕೂಲಿ ತಪ್ಪಬಾರದೆಂದು ಇಂದು ರಾತ್ರಿ ಗುಳಿಗಿ ನುಂಗುವುದು ಹಾಗೆ ನೋಡಿದರೆ ಹಳೆಯ ಚಟ, ಯುರೋಪಿನದೂ ಹೌದು.

ಇದಕ್ಕೇ, ಕಿಡ್ನಿ ಕೆಡಲು 'ಕೆಟ್ಟ ಜೀವನಶೈಲಿ'ಯೇ ಕಾರಣ ಎಂಬ ಮಾತು ನನಗೆ ಅಷ್ಟಾಗಿ ಸೇರುವುದಿಲ್ಲ. ಬೀದರ್ ನಗರದಲ್ಲಿ ಕೂತು ದುಡಿದು, ಸಂಜೆ ಮಿರ್ಚಿ ಭಜಿ ತಿಂದು, ಸಕ್ಕರೆ ಕಾಯಿಲೆಯನ್ನು ಪರೀಕ್ಷಿಸಿಕೊಳ್ಳದೆ ಕಾಲ ಕಳೆಯುವವರಿಗೆ ಆ ಮಾತು ಒಪ್ಪುತ್ತದೆ. ಹೊಲದಲ್ಲಿ ಕಳೆ ತೆಗೆಯುವ ಹೆಂಗಸರು ಬೆಳಿಗ್ಗೆಯಿಂದ ನೀರು ಮುಟ್ಟದಿರುವುದು ಹೊರಗೆ ಹೋಗಲು ಮರೆ ಇಲ್ಲ ಎಂಬ ಕಾರಣಕ್ಕೆ. ಔರಾದದಿಂದ ಹೈದರಾಬಾದಿಗೆ ಕಟ್ಟಡ ಕೆಲಸಕ್ಕೆ ಹೋದವರಿಗೂ ಇದೇ ಪಾಡು. ಎಲ್ ಸಾಲ್ವಡಾರ್‌ನಲ್ಲಿ, ನಿಕರಾಗುವಾದಲ್ಲಿ ಸಕ್ಕರೆ ಕಾಯಿಲೆಯಾಗಲಿ ಬಿ.ಪಿ.ಯಾಗಲಿ ಇಲ್ಲದ ಯುವಕರು, ಹೆಚ್ಚಿನವರು ಕಬ್ಬು ಕಡಿಯುವವರು, ಕಿಡ್ನಿ ಕಳೆದುಕೊಳ್ಳುವುದು 2000ದ ನಂತರ ವೈದ್ಯರ ಗಮನಕ್ಕೆ ಬಂತು. ಬಿಸಿಲು ಮತ್ತು ನಿರ್ಜಲೀಕರಣ ಅಲ್ಲಿಯ ಮುಖ್ಯ ಶಂಕಿತರು. ನೀರು, ನೆರಳು, ವಿರಾಮ ಕೊಟ್ಟ ತೋಟಗಳಲ್ಲಿ ಕಿಡ್ನಿಗೆ ಗಾಯವಾಗುವುದು ಇಳಿಯಿತು. ನಮ್ಮ ಕಬ್ಬಿನ ಗ್ಯಾಂಗುಗಳಿಗೆ ಈ ಮೂರನ್ನು ಕೊಡುವುದು ಯಾರ ಹೊಣೆ ಎಂದು ಯಾರೂ ಕೇಳಿದ ಹಾಗಿಲ್ಲ.

ಹಾಗೆಂದು 'ದಿನಕ್ಕೆ ಐದು ಲೀಟರ್ ಕುಡಿದರೆ ಕಿಡ್ನಿ ತೊಳೆದುಹೋಗುತ್ತದೆ' ಎಂಬ ಮೊಬೈಲ್ ವೈದ್ಯವನ್ನೂ ನಂಬಬೇಡಿ. ಕಿಡ್ನಿಯಲ್ಲಿ ಕಲ್ಲಾದವರಿಗೆ ಹೆಚ್ಚು ನೀರು ನಿಜಕ್ಕೂ ಉಪಯೋಗ. ಆಗಲೇ ಕಿಡ್ನಿ ಸೊರಗಿದ 631 ಜನರ ಮೇಲೆ ಕೆನಡಾದಲ್ಲಿ ನಡೆದ ಪ್ರಯೋಗದ ಫಲಿತಾಂಶ 2018ರಲ್ಲಿ ಬಂತು. ವರ್ಷವಿಡೀ ಹೆಚ್ಚು ನೀರು ಕುಡಿಸಿದರೂ ಕಿಡ್ನಿಯ ಇಳಿತ ತಗ್ಗಲಿಲ್ಲ. ಉಪ್ಪು ಮಾತ್ರ ಕಡಿಮೆ ಮಾಡಿ, ಉಪ್ಪಿನಕಾಯಿಯದೂ ಲೆಕ್ಕಕ್ಕಿರಲಿ. ತಂಬಾಕಿನ ಬಗ್ಗೆ ಹೇಳಿ ಹೇಳಿ ಸಾಕಾಗಿದೆ.

ಸಕ್ಕರೆ ಕಾಯಿಲೆಯಲ್ಲಿ ಗೇಟಿನ ಕತೆ ತಿರುಗುಮುರುಗು. ಒಳಗೇಟು ಅಗಲವಾಗಿ ತೆರೆದೇ ನಿಲ್ಲುತ್ತದೆ, ಒತ್ತಡ ಏರುತ್ತದೆ, ಸೋಸುವ ಪರದೆ ವರ್ಷಗಳಲ್ಲಿ ಹರಿದು ರಕ್ತದ ಅಲ್ಬುಮಿನ್ ಮೂತ್ರಕ್ಕೆ ಸೋರುತ್ತದೆ. ನೋವಿಲ್ಲ, ಉರಿಯಿಲ್ಲ. ಎಲ್ಲರೂ ಕೇಳುವ ಕ್ರಿಯಾಟಿನಿನ್ ಪರೀಕ್ಷೆ ತಡವಾಗಿ ಕೂಗುತ್ತದೆ. ಅರ್ಧದಷ್ಟು ಶಕ್ತಿ ಹೋದ ಮೇಲೂ ಕೆಲವರಲ್ಲಿ ಅದು ಮಿತಿಯೊಳಗೇ ಇರುತ್ತದೆ. 1827ರಲ್ಲಿ ಲಂಡನ್ನಿನ ರಿಚರ್ಡ್ ಬ್ರೈಟ್ ರೋಗಿಯ ಮೂತ್ರವನ್ನು ಚಮಚದಲ್ಲಿ ಹಿಡಿದು ಮೇಣದ ಬತ್ತಿಯ ಮೇಲೆ ಕಾಯಿಸುತ್ತಿದ್ದ. ಅಲ್ಬುಮಿನ್ ಇದ್ದರೆ ಅದು ಬೆಳ್ಳಗೆ ಗಡ್ಡೆಕಟ್ಟುತ್ತಿತ್ತು. ಮೂತ್ರದ ಅಲ್ಬುಮಿನ್ ಅಳೆಯುವ ಇಂದಿನ ಎ.ಸಿ.ಆರ್. ಪರೀಕ್ಷೆ ಅದರ ಎಷ್ಟೋ ಪಾಲು ಚುರುಕಾದ ಮೊಮ್ಮಗ. ಸಕ್ಕರೆ ಅಥವಾ ಬಿ.ಪಿ. ಇದ್ದವರು ವರ್ಷಕ್ಕೊಮ್ಮೆ ಇದನ್ನು ಕ್ರಿಯಾಟಿನಿನ್ ಜೊತೆಗೇ ಕೇಳಿ ಮಾಡಿಸಬೇಕು. ಬೆಳಗಿನ ಮೊದಲ ಮೂತ್ರ ಕೊಡುವುದು ಒಳ್ಳೆಯದು. ಜ್ವರ ಬಂದಾಗ, ಇಲ್ಲವೇ ಮೈಮುರಿದು ದುಡಿದ ಮರುದಿನ ಕೊಟ್ಟರೆ ಅಲ್ಬುಮಿನ್ ಸುಮ್ಮನೆ ಹೆಚ್ಚಾಗಿ ತೋರಬಹುದು. ಹಾಗೆ ಬಂದರೆ ಕೆಲವು ವಾರ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ.