ಹೊಗೆಯನ್ನು ನೆಲದೊಳಗೆ ಹಾಯಿಸಿದ ಒಲೆ

ದಟ್ಟ ಕಾಡಿನಲ್ಲಿ ಅಡಗಿದ ಸೈನಿಕ ವಿಮಾನದಲ್ಲಿರುವವರ ಕಣ್ಣಿಗೆ ಬೀಳದಿರಬಹುದು. ಅವನ ಅನ್ನ ಬೇಯುವ ಒಲೆಯ ಹೊಗೆ ಮಾತ್ರ ಮರಗಳ ನೆತ್ತಿ ದಾಟಿ ಮೇಲೇಳುತ್ತದೆ. ಫ್ರೆಂಚರ ವಿರುದ್ಧ ಹೋರಾಡುತ್ತಿದ್ದ ವಿಯೆಟ್ನಾಂ ಪಡೆಗಳಿಗೆ ಇದು ನಿತ್ಯದ ಸಂಕಟವಾಗಿತ್ತು. ಹೊಗೆ ಕಂಡಲ್ಲಿ ಬಾಂಬಿನ ಭಯ. ಕತ್ತಲಲ್ಲಿ, ಪಡೆಯಿಂದ ದೂರದಲ್ಲಿ ಬೇಯಿಸಿ ಹೊತ್ತು ತಂದರೆ ಕಂದಕದಲ್ಲಿರುವವರಿಗೆ ಸಿಗುವುದು ತಣ್ಣಗಾದ ಅನ್ನ.

ಇದಕ್ಕೆ ದಾರಿ ಕಂಡವರು 308ನೇ ಡಿವಿಜನ್ನಿನ ಅಡುಗೆಯವರಾದ ಹೊವಾಂಗ್ ಕಮ್ (1916–1996). 1951–52ರ ಹೊವಾ ಬಿನ್ ಕಾರ್ಯಾಚರಣೆಯ ಹೊತ್ತಿಗೆ ರೂಪುಗೊಂಡ ಆ ಒಲೆಗೆ ಇಂದಿಗೂ ಅವರದೇ ಹೆಸರು. ಯುದ್ಧದ ಚರಿತ್ರೆಯಲ್ಲಿ ದಂಡನಾಯಕರ ಹೆಸರುಗಳೇ ತುಂಬಿರುವಾಗ, ಅನ್ನ ಬೇಯಿಸಿದವನ ಹೆಸರು ಹೀಗೆ ಉಳಿದದ್ದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಒಲೆಯ ರಚನೆಗೆ ಬೇಕಾದದ್ದು ಗುದ್ದಲಿ, ಸೊಪ್ಪು, ಮಣ್ಣು, ನೀರು ಮಾತ್ರ. ಇಳಿಜಾರಿನ ಜಾಗದಲ್ಲಿ ಗುಂಡಿ ತೋಡಿ ಬೆಂಕಿ ಹಾಕುತ್ತಾರೆ. ಉರಿ ನೆಲದ ಮಟ್ಟಕ್ಕಿಂತ ಕೆಳಗಿರುವುದರಿಂದ ರಾತ್ರಿಯೂ ಬೆಳಕು ದೂರಕ್ಕೆ ಹಾಯುವುದಿಲ್ಲ. ಒಲೆಯ ಹಿಂದಿನಿಂದ ಉದ್ದನೆಯ ಕಾಲುವೆಗಳನ್ನು ಮೇಲ್ಮುಖವಾಗಿ ತೋಡುತ್ತಾರೆ. ಏರು ಇದ್ದರೆ ತಾನೇ ಹೊಗೆ ಒಲೆಬಾಯಿಗೆ ಮರಳದೆ ಮುಂದೆ ಸಾಗುವುದು! ಕಾಲುವೆಯ ಮೇಲೆ ಕೊಂಬೆ, ಎಲೆ ಹಾಸಿ, ತೆಳುವಾಗಿ ಮಣ್ಣು ಮುಚ್ಚಿ, ಅದನ್ನು ಒದ್ದೆಯಾಗಿಡುತ್ತಾರೆ. ಬಿಸಿ ಹೊಗೆ ಈ ತಂಪಿನಲ್ಲಿ ಹರಿಯುತ್ತ ಆರುತ್ತದೆ. ಮಸಿಯಲ್ಲಿ ಒಂದಷ್ಟು ಹಸಿಮಣ್ಣಿಗೆ ಅಂಟಿಕೊಳ್ಳುತ್ತದೆ. ಉಳಿದದ್ದು ಸಂದುಸಂದುಗಳಲ್ಲಿ ಜಿನುಗಿ, ಮೇಲೇಳುವ ಕಸುವಿಲ್ಲದೆ, ಬೆಳಗಿನ ಮಂಜಿನಂತೆ ನೆಲದ ಮೇಲೆಯೇ ಚದುರಿಹೋಗುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ಅಸ್ತ್ರ ಒಲೆಯನ್ನು ಕಂಡವರಿಗೆ ಇಲ್ಲಿನ ಜಾಣ್ಮೆ ಬೇಗ ಹಿಡಿದೀತು. ನಮ್ಮ ಹೆಣ್ಣುಮಕ್ಕಳ ಕಣ್ಣು, ಎದೆಗೂಡನ್ನು ಕಾಯಲು ಅದು ಹೊಗೆಯನ್ನು ಕೊಳವೆಯ ಮೂಲಕ ಮಾಡಿನಾಚೆಗೆ ಕಳಿಸಿತು. ಕಾಡಿನ ಸೈನಿಕನಿಗೆ ಅಂಥ ಕೊಳವೆಯೇ ಸಾವಿನ ಗುರುತಾಗುತ್ತಿತ್ತು. ಆದ್ದರಿಂದ ಹೊವಾಂಗ್ ಕಮ್ ಹೊಗೆಗೆ ನೆಲದೊಳಗಿನ ದೂರದ ದಾರಿ ಕೊಟ್ಟರು.

1954ರಲ್ಲಿ ಫ್ರೆಂಚರ ನೆಲೆಯಾಗಿದ್ದ ದಿಯೆನ್ ಬಿಯೆನ್ ಫುವನ್ನು ಮುತ್ತಿದ್ದ ಪಡೆಗಳಿಗೆ ಬಿಸಿ ಅನ್ನ ಕೊಟ್ಟದ್ದು ಈ ಒಲೆ. ಮುಂದೆ ಅಮೆರಿಕದ ವಿರುದ್ಧದ ಯುದ್ಧದಲ್ಲೂ ಪಡೆಗಳು ಬಿಡಾರ ಬದಲಿಸಿದಂತೆಲ್ಲ ಅಡುಗೆಯವರು ಹೊಸದಾಗಿ ನೆಲ ಅಗೆಯಬೇಕಿತ್ತು. ಗಾಜಿಲ್ಲದ ಲಾರಿಗಳ ಚಾಲಕರ ಬಗ್ಗೆ ಕವಿ ಫಾಮ್ ತಿಯೆನ್ ಜುವಾತ್ 1969ರಲ್ಲಿ ಬರೆದ ಪದ್ಯದಲ್ಲೂ ಈ ಒಲೆ ಬರುತ್ತದೆ.

ಹೋ ಚಿ ಮಿನ್ ನಗರದ ವಾಯವ್ಯಕ್ಕಿರುವ, ಯುದ್ಧಕಾಲದ ಕು ಚಿ ಸುರಂಗಗಳಲ್ಲಿ ಇದರ ಮಾದರಿಯನ್ನು ಈಗಲೂ ನೋಡಬಹುದು. ಬೇಯಿಸಿದ ಮರಗೆಣಸನ್ನು ಕಡಲೆಕಾಯಿ ಪುಡಿಯ ಜೊತೆ ಪ್ರವಾಸಿಗರಿಗೆ ಕೊಡುತ್ತಾರೆ. ಅಲ್ಲಿಗೆ ಹೋಗುವ ನಮ್ಮವರು ಒಲೆಯ ಮುಂದೆ ಫೋಟೊ ತೆಗೆಸಿಕೊಂಡು ಹೊರಡದೆ, ಅದರ ಹಿಂದೆ ಹೋಗಿ ಹೊಗೆ ಎಲ್ಲಿ ಹೊರಬೀಳುತ್ತದೆಂದು ಹುಡುಕಬೇಕು.