ಸಸ್ಯದೊಳಗಿನ ಶಿಲೀಂಧ್ರ ಮತ್ತು ಔಷಧದ ಮೂಲ

ಕನ್ನಡದ ಪ್ರಾಚೀನ ವೈದ್ಯಗ್ರಂಥಗಳನ್ನು ಅಭ್ಯಸಿಸುವವರಿಗೆ ಮೊದಲು ಎದುರಾಗುವುದು ಮೂಲಿಕೆಗಳ ಗುರುತಿನ ಪ್ರಶ್ನೆ. 12ನೆಯ ಶತಮಾನದ ಜಗದ್ದಳ ಸೋಮನಾಥನ ‘ಕರ್ಣಾಟಕ ಕಲ್ಯಾಣಕಾರಕ’ವಾಗಲಿ, 14ನೆಯ ಶತಮಾನದ ಒಂದನೆಯ ಮಂಗರಾಜನ ‘ಖಗೇಂದ್ರಮಣಿದರ್ಪಣ’ವಾಗಲಿ ಈ ಮಾತಿಗೆ ಹೊರತಲ್ಲ. ಗ್ರಂಥದಲ್ಲಿ ಬಂದ ಗಿಡದ ಹೆಸರಿಗೆ ಲ್ಯಾಟಿನ್ ಹೆಸರನ್ನು ಹೊಂದಿಸಿದರೆ ನಮ್ಮ ಕೆಲಸ ಮುಗಿಯಿತೆಂದು ಭಾವಿಸುತ್ತೇವೆ. ಔಷಧದ ಗುಣ ಗಿಡವೊಂದರದೇ ಎಂಬ ಗ್ರಹಿಕೆ ಇದರ ಹಿಂದಿದೆ. ಕಳೆದ ಮೂರು ದಶಕಗಳ ಸಂಶೋಧನೆ ಈ ಗ್ರಹಿಕೆಯನ್ನು ಮರುಪರಿಶೀಲಿಸುವಂತೆ ಮಾಡಿದೆ. ಅದರ ಸ್ಥೂಲ ಪರಿಚಯವನ್ನು ಮಾಡಿಕೊಡುವುದು ಪ್ರಸ್ತುತ ಲೇಖನದ ಉದ್ದೇಶ.

ಆರೋಗ್ಯವಂತ ಸಸ್ಯದ ಎಲೆ, ತೊಗಟೆ, ಬೇರುಗಳ ಒಳಗೆ ಯಾವ ರೋಗಲಕ್ಷಣವನ್ನೂ ತೋರದಂತೆ ಬಾಳುವ ಸೂಕ್ಷ್ಮಜೀವಿಗಳುಂಟು. ಅವುಗಳಿಗೆ ವಿಜ್ಞಾನಿಗಳು ಎಂಡೊಫೈಟ್ ಎನ್ನುತ್ತಾರೆ. ಜರ್ಮನಿಯ ಸಸ್ಯಶಾಸ್ತ್ರಜ್ಞ ಆಂಟನ್ ಡಿ ಬಾರಿ 1866ರಲ್ಲಿ ಬಳಕೆಗೆ ತಂದ ಪದವಿದು. ಇವುಗಳಲ್ಲಿ ಬೂಷ್ಟಿನ ಜಾತಿಗೆ ಸೇರಿದವನ್ನು ನಾವು ಇಲ್ಲಿ ‘ಅಂತರ್ವಾಸಿ ಶಿಲೀಂಧ್ರ’ವೆಂದು ಕರೆದಿದ್ದೇವೆ. ಇವನ್ನು ಬೇರ್ಪಡಿಸುವ ಕ್ರಮ ಸರಳವಾದುದು. ಎಲೆಯ ಅಥವಾ ರೆಂಬೆಯ ತುಣುಕನ್ನು ಹರಿಯುವ ನೀರಿನಲ್ಲಿ ತೊಳೆದು, ಮದ್ಯಸಾರ ಮತ್ತು ಸೋಡಿಯಂ ಹೈಪೊಕ್ಲೋರೈಟ್ ದ್ರಾವಣಗಳಲ್ಲಿ ಅದ್ದಿ, ಮೇಲ್ಮೈಯ ಜೀವಿಗಳನ್ನೆಲ್ಲ ನಾಶಪಡಿಸುತ್ತಾರೆ. ಬಳಿಕ ಅದನ್ನು ಅಗರ್ ತಟ್ಟೆಯ ಮೇಲಿಟ್ಟು ಕಾಯುತ್ತಾರೆ. ಕೆಲವು ದಿನಗಳಲ್ಲಿ ಕತ್ತರಿಸಿದ ಅಂಚಿನಿಂದ ಎಳೆಗಳು ಹೊರಬರುತ್ತವೆ. ಕೊನೆಯ ಬಾರಿ ತೊಳೆದ ನೀರನ್ನು ಬೇರೆ ತಟ್ಟೆಗೆ ಹಾಕಿದಾಗ ಅಲ್ಲಿ ಏನೂ ಬೆಳೆಯದಿದ್ದರೆ, ಬೆಳೆದುದು ಒಳಗಿನದೇ ಎಂದು ನಿಶ್ಚಯಿಸಬಹುದು.

ಈ ಶಿಲೀಂಧ್ರಗಳತ್ತ ಔಷಧವಿಜ್ಞಾನದ ಗಮನ ಹರಿದುದು 1993ರಲ್ಲಿ. ಅಮೆರಿಕದ ಪೆಸಿಫಿಕ್ ಯೂ ಮರದ ತೊಗಟೆಯಲ್ಲಿ ಟ್ಯಾಕ್ಸಾಲ್ ಎಂಬ ಕ್ಯಾನ್ಸರ್ ನಿರೋಧಕ ವಸ್ತುವಿದೆ. ಮನ್ರೋ ವಾಲ್ ಮತ್ತು ಮನ್ಸುಖ್ ವಾಣಿ ಅವರ ತಂಡ 1971ರಲ್ಲಿ ಅದರ ರಚನೆಯನ್ನು ಪ್ರಕಟಿಸಿತ್ತು. ವಾಣಿಯವರು ಮಹಾರಾಷ್ಟ್ರದ ನಂದುರ್ಬಾರಿನಲ್ಲಿ ಹುಟ್ಟಿ ಮುಂಬಯಿ ವಿಶ್ವವಿದ್ಯಾಲಯದಲ್ಲಿ ಓದಿದವರು. ಅದೇ ಮರದ ಒಳತೊಗಟೆಯಿಂದ ಬೇರ್ಪಡಿಸಿದ ಟ್ಯಾಕ್ಸೊಮೈಸಿಸ್ ಆಂಡ್ರಿಯಾನೀ ಎಂಬ ಶಿಲೀಂಧ್ರವೂ ಟ್ಯಾಕ್ಸಾಲನ್ನು ತಯಾರಿಸುತ್ತದೆಂದು ಸ್ಟಿಯರ್ಲ್ ದಂಪತಿಗಳು ಮತ್ತು ಗ್ಯಾರಿ ಸ್ಟ್ರೋಬೆಲ್ 1993ರಲ್ಲಿ ವರದಿ ಮಾಡಿದರು. ಒಂದು ಲೀಟರ್ ದ್ರವದಲ್ಲಿ ದೊರೆತುದು 24ರಿಂದ 50 ನ್ಯಾನೊಗ್ರಾಂ ಮಾತ್ರ. ನ್ಯಾನೊಗ್ರಾಂ ಎಂದರೆ ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು. ಪ್ರಮಾಣ ಅತ್ಯಲ್ಪವಾದರೂ ಮರವನ್ನು ಕಡಿಯದೆ ಮದ್ದನ್ನು ಪಡೆಯಬಹುದೆಂಬ ಆಸೆ ಅಲ್ಲಿಂದ ಹುಟ್ಟಿತು.

ಕನ್ನಡನಾಡಿಗೂ ಮಹಾರಾಷ್ಟ್ರಕ್ಕೂ ಸಮಾನವಾದ ಸಹ್ಯಾದ್ರಿಯ ಒಂದು ಮರದ ವೃತ್ತಾಂತ ಈ ಆಸೆಯ ಬೆಲೆಯನ್ನು ತಿಳಿಸುತ್ತದೆ. ಮರಾಠಿಯಲ್ಲಿ ನರಕ್ಯಾ, ಘಾಣೇರಾ ಎಂದೂ ಕನ್ನಡದಲ್ಲಿ ದುರ್ವಾಸನೆಯ ಮರವೆಂದೂ ಕರೆಯುವ ನೊಥಪೊಡೈಟಿಸ್ ನಿಮ್ಮೋನಿಯಾನ ಎಂಬ ಮರವಿದು. ಅದರ ಹಳೆಯ ಲ್ಯಾಟಿನ್ ಹೆಸರಾದ ಫೀಟಿಡ ಎಂಬುದಕ್ಕೂ ನಾರುವುದೆಂದೇ ಅರ್ಥ. ಹೆಸರುಗಳಲ್ಲಿ ಔಷಧದ ಸೂಚನೆಯಿಲ್ಲ. ಆದರೆ ಚೀನಾದ ಕ್ಯಾಂಪ್ಟೊತೀಕ ಮರದಿಂದ ವಾಲ್ ಮತ್ತು ವಾಣಿ 1966ರಲ್ಲಿ ಪ್ರಕಟಪಡಿಸಿದ ಕ್ಯಾಂಪ್ಟೊತೆಸಿನ್ ಇದರಲ್ಲೂ ಇದೆಯೆಂದು ಗೋವಿಂದಾಚಾರಿ ಮತ್ತು ವಿಶ್ವನಾಥನ್ 1972ರಲ್ಲಿ ತೋರಿಸಿದರು. ಅದರಿಂದ ರೂಪುಗೊಂಡ ಟೊಪೊಟಿಕಾನ್ ಮತ್ತು ಇರಿನೊಟಿಕಾನ್ ಎಂಬ ಮದ್ದುಗಳಿಗೆ 1996ರಲ್ಲಿ ಅಮೆರಿಕದ ಅನುಮತಿ ದೊರೆಯಿತು. ಮೊದಲನೆಯದು ಅಂಡಾಶಯದ, ಎರಡನೆಯದು ದೊಡ್ಡ ಕರುಳಿನ ಕ್ಯಾನ್ಸರಿಗೆ ಬಳಕೆಯಾಗುವಂಥದು. ಬೇಡಿಕೆ ಹೆಚ್ಚಿದಂತೆ ಸಹ್ಯಾದ್ರಿಯ ಮರಗಳಿಗೆ ಕೊಡಲಿ ಬಿತ್ತು.

ಈ ಮರದ ಅಂತರ್ವಾಸಿ ಶಿಲೀಂಧ್ರವೊಂದು ಕ್ಯಾಂಪ್ಟೊತೆಸಿನ್ ತಯಾರಿಸುವುದೆಂದು ಜಮ್ಮುವಿನ ವಿಜ್ಞಾನಿಗಳು 2005ರಲ್ಲಿ ವರದಿ ಮಾಡಿದರು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಅಪೊಡೈಟಿಸ್ ಡಿಮಿಡಿಯೇಟಾ ಎಂಬ ಮರದ ಫ್ಯುಸೇರಿಯಂ ಸೊಲಾನಿ ತಳಿಗಳಲ್ಲಿಯೂ ಅದನ್ನು ಕಂಡರು. ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಕ್ಯಾಂಪ್ಟೊತೆಸಿನ್ ಜೀವಕೋಶದ ಟೊಪೊಐಸೊಮರೇಸ್ ಎಂಬ ಕಿಣ್ವವನ್ನು ಹಿಡಿದು ನಿಲ್ಲಿಸುವ ವಿಷ. ಹಾಗಿದ್ದರೆ ಶಿಲೀಂಧ್ರ ಅದರಿಂದ ತಾನೇ ಸಾಯದಿರುವುದು ಹೇಗೆ? ಚೀನೀ ಮರದ ಶಿಲೀಂಧ್ರವನ್ನು ಪರಿಶೀಲಿಸಿದ ಜರ್ಮನಿಯ ಸಂಶೋಧಕರು 2011ರಲ್ಲಿ ಉತ್ತರ ಕೊಟ್ಟರು: ಶಿಲೀಂಧ್ರದ ಆ ಕಿಣ್ವದಲ್ಲಿ ವಿಷ ಹಿಡಿಯುವ ತಾಣವೇ ಮಾರ್ಪಟ್ಟಿದೆ. ವಿಷದ ನೆರೆಯಲ್ಲಿ ಬಾಳಲು ಅದು ತನ್ನನ್ನೇ ಬದಲಿಸಿಕೊಂಡಿದೆ.

ಅದೇ ಸಂಶೋಧಕರ ಇನ್ನೊಂದು ಫಲಿತಾಂಶ ಮತ್ತಷ್ಟು ಗಮನಾರ್ಹವಾದುದು. ಪ್ರಯೋಗಾಲಯದಲ್ಲಿ ತಟ್ಟೆಯಿಂದ ತಟ್ಟೆಗೆ ಬದಲಿಸುತ್ತ ಹೋದಂತೆ, ಏಳನೆಯ ಪೀಳಿಗೆಯ ಹೊತ್ತಿಗೆ ಕ್ಯಾಂಪ್ಟೊತೆಸಿನ್ ಪ್ರಮಾಣ ಬಹುವಾಗಿ ಇಳಿದಿತ್ತು. ತಯಾರಿಕೆಗೆ ಅವಶ್ಯವಾದ ಸ್ಟ್ರಿಕ್ಟೊಸಿಡಿನ್ ಸಿಂಥೇಸ್ ಎಂಬ ಕಿಣ್ವದ ಜೀನ್ ಶಿಲೀಂಧ್ರದಲ್ಲಿಲ್ಲ. ಅದಕ್ಕೆ ಮರವನ್ನೇ ಆಶ್ರಯಿಸಬೇಕು. ಟ್ಯಾಕ್ಸೊಮೈಸಿಸ್ ಕುರಿತೂ 2013ರಲ್ಲಿ ಬಲವಾದ ಸಂದೇಹ ವ್ಯಕ್ತವಾಯಿತು. ಅದರ ವಂಶವಾಹಿಗಳಲ್ಲಿ ಯೂ ಮರದ ಟ್ಯಾಕ್ಸಾಲ್ ಜೀನ್‌ಗಳನ್ನು ಹೋಲುವಂಥವು ದೊರೆಯಲಿಲ್ಲ. ಆದ್ದರಿಂದ ಶಿಲೀಂಧ್ರ ಸಿಕ್ಕಿತು, ಇನ್ನು ಮರ ಬೇಡ ಎಂಬ ನಿಲುವಿಗೆ ಆಧಾರವಿಲ್ಲ. ಮರ ಅಳಿದರೆ ಒಳಗಿನ ವಾಸಿಯೂ ಅಳಿಯುತ್ತದೆ. ಅದಕ್ಕೆ ಆ ಗುಣವನ್ನು ತಂದುಕೊಟ್ಟ ಸಹವಾಸವೂ ಅಳಿಯುತ್ತದೆ.

ಸಾಹಿತ್ಯದ ವಿದ್ಯಾರ್ಥಿಗಳಾದ ನಮಗೆ ಇದರಿಂದ ಒದಗುವ ಪಾಠವೇನು? ಚರಕ, ಸುಶ್ರುತ ಸಂಹಿತೆಗಳು ಮೂಲಿಕೆಯನ್ನು ಯಾವ ನೆಲದಿಂದ, ಯಾವ ಕಾಲದಲ್ಲಿ ತರಬೇಕೆಂಬುದನ್ನು ವಿಧಿಸುತ್ತವೆ. ಇದನ್ನು ಕಂಡು ಪ್ರಾಚೀನರಿಗೆ ಅಂತರ್ವಾಸಿಗಳು ತಿಳಿದಿದ್ದವೆಂದು ಸಾಧಿಸಹೊರಡುವುದು ವಿದ್ವತ್ತಲ್ಲ. ಅವರಿಗೆ ತಿಳಿದಿದ್ದುದು ಅನುಭವ: ಒಂದೇ ಗಿಡ ಎಲ್ಲೆಡೆ ಒಂದೇ ಗುಣವನ್ನು ಕೊಡುವುದಿಲ್ಲ. ಈ ವ್ಯತ್ಯಾಸಕ್ಕೆ ಮಣ್ಣು, ಮಳೆ, ತಳಿಗಳ ಜೊತೆಗೆ ಒಳಗಿನ ಜೀವಿಗಳೂ ಕಾರಣವಾಗಬಹುದೆಂಬುದು ಇಂದಿನ ತಿಳಿವಳಿಕೆ. ಹೀಗಿರುವಾಗ ವೈದ್ಯಗ್ರಂಥಗಳ ಪದಕೋಶವನ್ನು ಸಿದ್ಧಪಡಿಸುವವರು ಗಿಡದ ಹೆಸರಿನೊಡನೆ ಪಠ್ಯದಲ್ಲಿರುವ ನೆಲೆ, ಋತು, ಭಾಗಗಳ ಉಲ್ಲೇಖಗಳನ್ನೂ ತಪ್ಪದೆ ದಾಖಲಿಸಬೇಕು. ಹೊರನಾಡಿನ ಸಂಶೋಧಕರು ಮರಾಠಿ, ತಮಿಳು, ತೆಲುಗುಗಳ ಸ್ಥಳೀಯ ಹೆಸರುಗಳನ್ನು ಅದರ ಪಕ್ಕದಲ್ಲಿಟ್ಟರೆ ಸಸ್ಯವಿಜ್ಞಾನಿಗಳಿಗೆ ಹುಡುಕಬೇಕಾದ ಕಾಡು ಯಾವುದೆಂಬುದು ತಿಳಿದೀತು. ಆ ಕಾಡು ಉಳಿದಿರುವಾಗಲೇ ಈ ಕೆಲಸ ನಡೆಯಬೇಕೆಂಬುದು ನಮ್ಮ ಅಭಿಪ್ರಾಯ.