ಮೋಟಾರ್ ಸೈಕಲ್‌ನ ಹಿನ್ನೋಟ ಕನ್ನಡಿ

ಮೋಟಾರ್ ಸೈಕಲ್‌ನ ಹಿನ್ನೋಟ ಕನ್ನಡಿಯು ಸವಾರನು ತಲೆಯನ್ನು ಪೂರ್ತಿಯಾಗಿ ತಿರುಗಿಸದೆ ತನ್ನ ಹಿಂದೆ ಹಾಗೂ ಪಕ್ಕದಲ್ಲಿ ಬರುತ್ತಿರುವ ವಾಹನಗಳನ್ನು ನೋಡಲು ನೆರವಾಗುವ ಸುರಕ್ಷತಾ ಸಾಧನವಾಗಿದೆ. ಸಾಮಾನ್ಯವಾಗಿ ಹ್ಯಾಂಡಲ್‌ನ ಎರಡೂ ಬದಿಗಳಲ್ಲಿ ಒಂದೊಂದು ಪೀನ ದರ್ಪಣವನ್ನು ಅಳವಡಿಸಲಾಗಿರುತ್ತದೆ. ಆಡುಮಾತಿನಲ್ಲಿ ಇದನ್ನು ಸೈಡ್ ಮಿರರ್ ಎಂದೂ ಕರೆಯುತ್ತಾರೆ. ಹಿಂದೆ ವಾಹನವಿದೆ ಎಂಬುದನ್ನು ಈ ಕನ್ನಡಿ ತಿಳಿಸುತ್ತದೆ. ಆದರೆ ಆ ವಾಹನವು ನಿಜಕ್ಕಿಂತ ದೂರದಲ್ಲಿರುವಂತೆ ಕಾಣುತ್ತದೆ. ಇಕ್ಕೆಲಗಳಲ್ಲಿ ಸಾಮಾನು ಪೆಟ್ಟಿಗೆಗಳನ್ನು ಹೊತ್ತು ದೂರ ಪ್ರಯಾಣ ಮಾಡುವ ಬೈಕ್‌ಗಳಲ್ಲಿಯೂ, ಹಾಲಿನ ಕ್ಯಾನು ಮತ್ತು ಚೀಲಗಳನ್ನು ಸಾಗಿಸುವ ಗ್ರಾಮೀಣ ಬೈಕ್‌ಗಳಲ್ಲಿಯೂ ಹಿನ್ನೋಟವು ಇನ್ನಷ್ಟು ಕಡಿಮೆಯಾಗುವುದರಿಂದ ಕನ್ನಡಿಯ ಆಯ್ಕೆ, ಹೊಂದಾಣಿಕೆ ಮತ್ತು ಬಳಕೆಯ ಕ್ರಮ ಮುಖ್ಯವಾಗುತ್ತವೆ.

ಇತಿಹಾಸ

ಹಿನ್ನೋಟ ಕನ್ನಡಿಯ ಬಳಕೆ ಮೊದಲು ಕಾರುಗಳಲ್ಲಿ ಪ್ರಚಾರಕ್ಕೆ ಬಂದಿತು. ಬ್ರಿಟನ್ನಿನ ಕಾರು ಚಾಲಕಿ ಡೊರೊತಿ ಲೆವಿಟ್ ಅವರು 1909ರಲ್ಲಿ ಪ್ರಕಟವಾದ 'ದಿ ವುಮನ್ ಅಂಡ್ ದಿ ಕಾರ್' ಎಂಬ ಪುಸ್ತಕದಲ್ಲಿ, ಹಿಂದಿನ ವಾಹನಗಳನ್ನು ಗಮನಿಸಲು ಒಂದು ಕೈಗನ್ನಡಿಯನ್ನು ಜೊತೆಗಿಟ್ಟುಕೊಳ್ಳುವಂತೆ ಸಲಹೆ ನೀಡಿದ್ದರು. 1911ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ನಡೆದ 500 ಮೈಲಿಗಳ ಸ್ಪರ್ಧೆಯಲ್ಲಿ ಉಳಿದ ಕಾರುಗಳಲ್ಲಿ ಚಾಲಕನ ಜೊತೆ ಒಬ್ಬ ಮೆಕ್ಯಾನಿಕ್ ಕುಳಿತು ಹಿಂದಿನ ಕಾರುಗಳ ಬಗೆಗೆ ತಿಳಿಸುತ್ತಿದ್ದನು. ರೇ ಹ್ಯಾರೂನ್ ಒಬ್ಬರೇ ಕುಳಿತು, ತಮ್ಮ ಕಾರಿಗೆ ಕನ್ನಡಿಯನ್ನು ಅಳವಡಿಸಿಕೊಂಡು ಆ ಸ್ಪರ್ಧೆಯನ್ನು ಗೆದ್ದರು. ಅನಂತರದ ದಶಕಗಳಲ್ಲಿ ಕನ್ನಡಿಯು ಕಾರುಗಳಿಗೂ ದ್ವಿಚಕ್ರ ವಾಹನಗಳಿಗೂ ಸಾಮಾನ್ಯ ಅಂಗವಾಯಿತು.

ಕಾರ್ಯತತ್ವ

ಸಮತಲ ದರ್ಪಣದಲ್ಲಿ ವಸ್ತುವಿನ ಗಾತ್ರ ಬದಲಾಗುವುದಿಲ್ಲ. ಆದರೆ ಅಂಗೈಯಷ್ಟು ಅಗಲದ ಸಮತಲ ದರ್ಪಣದಲ್ಲಿ ರಸ್ತೆಯ ಸಣ್ಣ ಭಾಗ ಮಾತ್ರ ಕಾಣುತ್ತದೆ. ಪೀನ ದರ್ಪಣವು ಯಾವಾಗಲೂ ನೇರವಾದ, ಚಿಕ್ಕದಾದ, ಮಿಥ್ಯ ಪ್ರತಿಬಿಂಬವನ್ನು ಉಂಟುಮಾಡುತ್ತದೆ. ಪ್ರತಿಬಿಂಬ ಚಿಕ್ಕದಾಗುವುದರಿಂದ ಅಷ್ಟೇ ಜಾಗದಲ್ಲಿ ಹೆಚ್ಚಿನ ದೃಶ್ಯ ಅಡಕವಾಗುತ್ತದೆ. ಉದಾಹರಣೆಗೆ, ಕಣ್ಣಿನಿಂದ 60 ಸೆಂ.ಮೀ. ದೂರದಲ್ಲಿರುವ 10 ಸೆಂ.ಮೀ. ಅಗಲದ ಸಮತಲ ದರ್ಪಣದಲ್ಲಿ ಸುಮಾರು 9.5 ಡಿಗ್ರಿಯಷ್ಟು ನೋಟ ದೊರೆತರೆ, ಅಷ್ಟೇ ಅಗಲದ, 1,200 ಮಿ.ಮೀ. ವಕ್ರತಾ ತ್ರಿಜ್ಯದ ಪೀನ ದರ್ಪಣದಲ್ಲಿ ಸುಮಾರು 19 ಡಿಗ್ರಿಯಷ್ಟು ನೋಟ ದೊರೆಯುತ್ತದೆ.

ಹೀಗೆ ಹೆಚ್ಚಿದ ನೋಟಕ್ಕೆ ತೆರಬೇಕಾದ ಬೆಲೆ ಎಂದರೆ ದೂರದ ತಪ್ಪು ಅಂದಾಜು. ಮೇಲಿನ ಪೀನ ದರ್ಪಣದ ಸಂಗಮದೂರ 0.6 ಮೀ. ಆಗಿದೆ. ದರ್ಪಣದಿಂದ 60 ಮೀ. ಹಿಂದೆ 2.5 ಮೀ. ಅಗಲದ ಒಂದು ಲಾರಿ ಬರುತ್ತಿದೆ ಎಂದುಕೊಂಡರೆ, ದರ್ಪಣ ಸೂತ್ರದಂತೆ:

1/v = 1/f − 1/u = 1/0.6 + 1/60; ಆದ್ದರಿಂದ v = 0.594 ಮೀ.
ವರ್ಧನೆ = 0.594/60 = 0.0099
ಪ್ರತಿಬಿಂಬದ ಅಗಲ = 2.5 × 0.0099 = ಸುಮಾರು 2.5 ಸೆಂ.ಮೀ.

ಈ ಪ್ರತಿಬಿಂಬವು ಸವಾರನ ಕಣ್ಣಿನಿಂದ ಸುಮಾರು 1.2 ಮೀ. ದೂರದಲ್ಲಿ ಇರುವಂತೆ ತೋರುತ್ತದೆ. 2.5 ಮೀ. ಅಗಲದ ಲಾರಿಯು ಬರಿಗಣ್ಣಿಗೆ ಇಷ್ಟೇ ಚಿಕ್ಕದಾಗಿ ಕಾಣಬೇಕಾದರೆ ಅದು ಸುಮಾರು 120 ಮೀ. ದೂರದಲ್ಲಿರಬೇಕು. ಅಂದರೆ ಗಾತ್ರವೊಂದನ್ನೇ ನಂಬಿದ ಸವಾರನಿಗೆ ಲಾರಿಯು ನಿಜವಾದ ದೂರಕ್ಕಿಂತ ಎರಡು ಪಟ್ಟು ದೂರದಲ್ಲಿರುವಂತೆ ಭಾಸವಾಗುತ್ತದೆ. ಸವಾರನು ತಿರುವು ತೆಗೆದುಕೊಳ್ಳಲು ವೇಗವನ್ನು ಗಂಟೆಗೆ 30 ಕಿ.ಮೀ.ಗೆ ಇಳಿಸಿದ್ದು, ಲಾರಿ ಗಂಟೆಗೆ 80 ಕಿ.ಮೀ. ವೇಗದಲ್ಲಿದ್ದರೆ, ಇವುಗಳ ನಡುವಿನ ಅಂತರ ಪ್ರತಿ ಸೆಕೆಂಡಿಗೆ ಸುಮಾರು 14 ಮೀ. ಕಡಿಮೆಯಾಗುತ್ತದೆ. ಸವಾರನು ತನಗೆ 8ರಿಂದ 9 ಸೆಕೆಂಡುಗಳ ಕಾಲಾವಕಾಶವಿದೆ ಎಂದು ಭಾವಿಸಿದರೂ ಲಾರಿಯು 4.3 ಸೆಕೆಂಡುಗಳಲ್ಲಿ ಅವನನ್ನು ತಲುಪುತ್ತದೆ. ಅಭ್ಯಾಸದಿಂದ ಈ ತಪ್ಪು ಅಂದಾಜು ಕಡಿಮೆಯಾಗುತ್ತದೆಯಾದರೂ ಬೇರೆ ವಕ್ರತೆಯ ಕನ್ನಡಿಯನ್ನು ಹೊಸದಾಗಿ ಹಾಕಿಸಿದಾಗ ಅದು ಮತ್ತೆ ತಲೆದೋರಬಹುದು.

ದ್ವಿಚಕ್ರ ವಾಹನಗಳ ಕನ್ನಡಿಗೆ ಸಂಬಂಧಿಸಿದ ವಿಶ್ವಸಂಸ್ಥೆಯ 81ನೆಯ ವಾಹನ ನಿಯಮಾವಳಿಯು ವಕ್ರತಾ ತ್ರಿಜ್ಯವು 1,000ದಿಂದ 1,500 ಮಿ.ಮೀ. ಒಳಗಿರಬೇಕೆಂದೂ, ಪ್ರತಿಫಲಿಸುವ ಭಾಗವು ಕನಿಷ್ಠ 69 ಚದರ ಸೆಂ.ಮೀ. ಇರಬೇಕೆಂದೂ ಹೇಳುತ್ತದೆ. ದುಂಡಗಿನ ಕನ್ನಡಿಯಾದರೆ ಅದರ ವ್ಯಾಸ 94 ಮಿ.ಮೀ.ಗಿಂತ ಕಡಿಮೆಯಿರಬಾರದು. ಅಂದಕ್ಕಾಗಿ ಮಾರಾಟವಾಗುವ ಸಣ್ಣ ಕನ್ನಡಿಗಳನ್ನು ಕೊಳ್ಳುವಾಗ ಈ ಅಳತೆಗಳೊಡನೆ ಹೋಲಿಸಿ ನೋಡಬಹುದು.

ಹಿನ್ನೋಟ ಕಡಿಮೆಯಾಗಲು ಕಾರಣಗಳು

ಸವಾರನ ದೇಹ ಮತ್ತು ಹೊರೆ: ಕನ್ನಡಿಯ ಒಳಬದಿಯಲ್ಲಿ ಸವಾರನ ಭುಜ ಮತ್ತು ಮೊಣಕೈಗಳೇ ಕಾಣುವುದು ಸಾಮಾನ್ಯ ದೂರು. ದಪ್ಪನೆಯ ಜಾಕೆಟ್ ಧರಿಸಿದಾಗ ಇದು ಹೆಚ್ಚುತ್ತದೆ. ಹಿಂಬದಿ ಸವಾರ, ಇಕ್ಕೆಲದ ಪೆಟ್ಟಿಗೆಗಳು ಹಾಗೂ ಸೀಟಿನ ಮೇಲೆ ಅಡ್ಡಲಾಗಿ ಕಟ್ಟಿದ ಚೀಲಗಳು ನೇರ ಹಿಂದಿನ ರಸ್ತೆಯನ್ನು ಮರೆಮಾಡುತ್ತವೆ. ಹೊರೆಯಿಂದ ಹಿಂದಿನ ಸಸ್ಪೆನ್ಶನ್ ಕುಸಿದಾಗ ಬೈಕ್‌ನ ಮುಂಭಾಗ ಮೇಲೇಳುವುದರಿಂದ, ಖಾಲಿ ಬೈಕ್‌ನಲ್ಲಿ ಸರಿಯಾಗಿ ಹೊಂದಿಸಿದ್ದ ಕನ್ನಡಿಯ ಕೋನವೂ ಬದಲಾಗುತ್ತದೆ.

ಕಂಪನ: ಎಂಜಿನ್‌ನ ಕಂಪನವು ಹ್ಯಾಂಡಲ್ ಹಾಗೂ ಕನ್ನಡಿಯ ಕಾಂಡದ ಮೂಲಕ ಗಾಜನ್ನು ತಲುಪುತ್ತದೆ. ಕಾಂಡದ ಸಹಜ ಆವರ್ತಾಂಕಕ್ಕೆ ಎಂಜಿನ್‌ನ ಕಂಪನ ಹೊಂದಿಕೆಯಾದಾಗ ಅನುರಣನ ಉಂಟಾಗಿ ಪ್ರತಿಬಿಂಬ ಮಸುಕಾಗುತ್ತದೆ. ಒಂದೇ ಸಿಲಿಂಡರಿನ ಬೈಕ್‌ಗಳಲ್ಲಿ ನಿರ್ದಿಷ್ಟ ವೇಗದಲ್ಲಿ ಮಾತ್ರ ಕನ್ನಡಿ ಅದುರಿ, ವೇಗ ಬದಲಾದೊಡನೆ ನೋಟ ತಿಳಿಯಾಗುವುದಕ್ಕೆ ಇದೇ ಕಾರಣ.

ವಾಲುವಿಕೆ: ತಿರುವಿನಲ್ಲಿ ಬೈಕ್ ವಾಲಿದಾಗ ಕನ್ನಡಿಗಳೂ ಅದರೊಡನೆ ವಾಲುತ್ತವೆ. ಜೊತೆಗೆ ರಸ್ತೆಯೇ ಬಾಗಿರುವುದರಿಂದ ಹಿಂದಿನ ವಾಹನವು ಕನ್ನಡಿಯ ನೋಟದಿಂದ ಹೊರಗುಳಿಯಬಹುದು. ಆದುದರಿಂದ ಹಿನ್ನೋಟವನ್ನು ತಿರುವಿನ ಒಳಗಲ್ಲ, ತಿರುವಿಗೆ ಮೊದಲೇ ಪಡೆಯಬೇಕಾಗುತ್ತದೆ.

ಕಾಣದ ವಲಯ: ಕನ್ನಡಿಯ ನೋಟ ಮುಗಿದು, ಕಣ್ಣಂಚಿನ ನೋಟ ಇನ್ನೂ ಆರಂಭವಾಗದ ಭಾಗಕ್ಕೆ ಬ್ಲೈಂಡ್ ಸ್ಪಾಟ್ ಎನ್ನುತ್ತಾರೆ. ಇದು ಸವಾರನ ಎರಡೂ ಭುಜಗಳ ಹಿಂದೆ ಓರೆಯಾಗಿ ಹರಡಿರುತ್ತದೆ. ಮುಖವನ್ನು ಪೂರ್ತಿ ಮುಚ್ಚುವ ಹೆಲ್ಮೆಟ್ ಕಣ್ಣಂಚಿನ ನೋಟವನ್ನು ಸ್ವಲ್ಪ ಕಡಿಮೆ ಮಾಡುತ್ತದೆ. ಇದಕ್ಕೆ ಪರಿಹಾರ ತಲೆ ಹೊರಳಿಸಿ ನೋಡುವುದೇ ಹೊರತು ಹೆಲ್ಮೆಟ್ ತೆಗೆಯುವುದಲ್ಲ.

ಹೊಂದಿಸುವ ವಿಧಾನ

ಕನ್ನಡಿಯನ್ನು ಬೈಕ್ ನಿಂತಿರುವಾಗ, ಪ್ರಯಾಣದ ಪೂರ್ಣ ಹೊರೆಯೊಡನೆ ಹೊಂದಿಸಬೇಕು.

1. ಸಮತಟ್ಟಾದ ನೆಲದಲ್ಲಿ ಬೈಕನ್ನು ನೇರವಾಗಿ ನಿಲ್ಲಿಸಿ, ಹೆಲ್ಮೆಟ್ ಮತ್ತು ಜಾಕೆಟ್ ಧರಿಸಿ, ಸವಾರಿಯ ಭಂಗಿಯಲ್ಲೇ ಕುಳಿತುಕೊಳ್ಳಬೇಕು. ಬೈಕ್ ಅಲುಗದಂತೆ ಇನ್ನೊಬ್ಬರು ಹಿಡಿದುಕೊಂಡರೆ ಒಳಿತು.
2. ದಿಗಂತವು ಕನ್ನಡಿಯ ಮಧ್ಯಭಾಗಕ್ಕಿಂತ ತುಸು ಮೇಲೆ ಬರುವಂತೆ ಗಾಜನ್ನು ಮೇಲೆ ಕೆಳಗೆ ಹೊಂದಿಸಬೇಕು. ಆಕಾಶವೇ ಹೆಚ್ಚು ಕಂಡರೆ ರಸ್ತೆಯ ಭಾಗ ವ್ಯರ್ಥವಾಗುತ್ತದೆ.
3. ಭುಜ ಅಥವಾ ಪೆಟ್ಟಿಗೆಯ ತೆಳುವಾದ ಅಂಚು ಮಾತ್ರ ಕನ್ನಡಿಯ ಒಳಬದಿಯಲ್ಲಿ ಉಳಿಯುವಂತೆ ಗಾಜನ್ನು ಹೊರಕ್ಕೆ ತಿರುಗಿಸಬೇಕು. ಆ ಅಂಚು ಪೂರ್ತಿ ಮರೆಯಾದರೆ ಕಾಣುವ ವಾಹನವು ಬೈಕ್‌ನಿಂದ ಎಷ್ಟು ಪಕ್ಕದಲ್ಲಿದೆ ಎಂದು ತಿಳಿಯುವುದು ಕಷ್ಟ.
4. ಲಾಕ್ ನಟ್ ಬಿಗಿಗೊಳಿಸಿ, ಸ್ವಲ್ಪ ದೂರ ಓಡಿಸಿ, ಕೋನ ಬದಲಾಗಿದೆಯೇ ಎಂದು ಮತ್ತೆ ಪರೀಕ್ಷಿಸಬೇಕು.

ಅನೇಕ ಬೈಕ್‌ಗಳಲ್ಲಿ ಕನ್ನಡಿಯ ಕಾಂಡಕ್ಕೆ 10 ಮಿ.ಮೀ. ತಿರುಪು ಇರುತ್ತದೆ. ಕೆಲವು ತಯಾರಿಕೆಗಳಲ್ಲಿ, ಮುಖ್ಯವಾಗಿ ಯಮಹಾದ ಹಲವು ಮಾದರಿಗಳಲ್ಲಿ, ಬಲಬದಿಯ ಕನ್ನಡಿಗೆ ಎಡತಿರುಪು ಇರುತ್ತದೆ. ಇದನ್ನು ತಿಳಿಯದೆ ಬಲವಂತವಾಗಿ ತಿರುಗಿಸಿದರೆ ಲಿವರ್ ಹಿಡಿಕೆಯಲ್ಲಿರುವ ತಿರುಪು ಕೆಡುತ್ತದೆ.

ಸುಧಾರಣೆಯ ಸಾಧನಗಳು

ಕಾಂಡದ ವಿಸ್ತರಣೆ: ಕಾಂಡದ ಬುಡಕ್ಕೆ ಲೋಹದ ತುಂಡೊಂದನ್ನು ಸೇರಿಸಿ ಕನ್ನಡಿಯನ್ನು ಕೆಲವು ಸೆಂ.ಮೀ. ಹೊರಕ್ಕೆ ಅಥವಾ ಮೇಲಕ್ಕೆ ಸರಿಸಲಾಗುತ್ತದೆ. ಭುಜದ ಅಡ್ಡಿ ನಿವಾರಿಸಲು ಇದು ಕಡಿಮೆ ಖರ್ಚಿನ ಮಾರ್ಗ. ಆದರೆ ಕಾಂಡ ಉದ್ದವಾದಷ್ಟೂ ಅದುರುವಿಕೆ ಹೆಚ್ಚಬಹುದು. ವಾಹನದ ಅಗಲವೂ ಹೆಚ್ಚುತ್ತದೆ.

ಹ್ಯಾಂಡಲ್ ತುದಿಯ ಕನ್ನಡಿ: ಇದು ಹಿಡಿಕೆಯ ಹೊರತುದಿಯಲ್ಲಿರುವುದರಿಂದ ಭುಜದ ಅಡ್ಡಿ ಕಡಿಮೆ. ಆದರೆ ಕಣ್ಣನ್ನು ರಸ್ತೆಯಿಂದ ಹೆಚ್ಚು ಕೆಳಕ್ಕೆ ಹೊರಳಿಸಬೇಕಾಗುತ್ತದೆ. ಇಕ್ಕಟ್ಟಾದ ಜಾಗದಲ್ಲಿ ಬೇರೆ ವಾಹನಕ್ಕೆ ತಗಲುವ ಸಂಭವವೂ ಇದೆ.

ಅಂಟಿಸುವ ಸಣ್ಣ ಪೀನ ಕನ್ನಡಿ: ಮೂಲ ಕನ್ನಡಿಯ ಹೊರಮೂಲೆಗೆ ಅಂಟಿಸುವ ಈ ದುಂಡು ಕನ್ನಡಿ ಕಾಣದ ವಲಯದ ಒಂದು ಭಾಗವನ್ನು ತೋರಿಸುತ್ತದೆ. ಇದರ ವಕ್ರತೆ ಬಹಳ ಹೆಚ್ಚು. ಆದುದರಿಂದ ಇದನ್ನು ವಾಹನ ಇದೆಯೇ ಇಲ್ಲವೇ ಎಂದು ತಿಳಿಯಲು ಮಾತ್ರ ಬಳಸಬೇಕು. ದೂರ ಅಳೆಯಲು ಬಳಸಬಾರದು.

ಕಂಪನ ನಿವಾರಣೆ: ಹ್ಯಾಂಡಲ್ ತುದಿಗೆ ತೂಕದ ತುಂಡುಗಳನ್ನು ಹಾಕುವುದು, ರಬ್ಬರ್ ಆಧಾರವಿರುವ ಕಾಂಡ ಬಳಸುವುದು ಹಾಗೂ ಸಡಿಲವಾದ ನಟ್‌ಗಳನ್ನು ಬಿಗಿಗೊಳಿಸುವುದು ಸಾಮಾನ್ಯ ಕ್ರಮಗಳು.

ಎಲೆಕ್ಟ್ರಾನಿಕ್ ಸಾಧನಗಳು: ಹಿಂದಿನ ದೃಶ್ಯವನ್ನು ಪರದೆಯಲ್ಲಿ ತೋರಿಸುವ ಕ್ಯಾಮೆರಾಗಳೂ, ಕಾಣದ ವಲಯದಲ್ಲಿ ವಾಹನ ಬಂದಾಗ ಎಚ್ಚರಿಸುವ ರೇಡಾರ್‌ಗಳೂ ಬಳಕೆಗೆ ಬಂದಿವೆ. 2020ರಲ್ಲಿ ಪ್ರಕಟವಾದ ಡುಕಾಟಿ ಮಲ್ಟಿಸ್ಟ್ರಾಡಾ ವಿ4 ಮುಂದೆ ಮತ್ತು ಹಿಂದೆ ರೇಡಾರ್ ಹೊಂದಿದ ಮೊದಲ ಉತ್ಪಾದನಾ ಮೋಟಾರ್ ಸೈಕಲ್. ಕ್ಯಾಮೆರಾದ ಮಸೂರಕ್ಕೆ ಕೆಸರು ಮೆತ್ತಿದರೆ ಅದೂ ನಿಷ್ಪ್ರಯೋಜಕವಾಗುವುದರಿಂದ ಇವು ಕನ್ನಡಿಗೆ ಪೂರಕವೇ ಹೊರತು ಬದಲಿಯಲ್ಲ.

ಧಾರವಾಡ ಜಿಲ್ಲೆಯ ಗ್ರಾಮೀಣ ರಸ್ತೆಗಳಲ್ಲಿ

ಕಡಿಮೆ ದೂರದಲ್ಲಿಯೇ ಬೇರೆ ಬೇರೆ ರಸ್ತೆ ಪರಿಸರಗಳು ಕಾಣಸಿಗುವುದರಿಂದ ಧಾರವಾಡ ಜಿಲ್ಲೆಯು ಹಿನ್ನೋಟದ ಸಮಸ್ಯೆಗೆ ಉತ್ತಮ ನಿದರ್ಶನವಾಗಿದೆ. ಜಿಲ್ಲೆಯ ಪೂರ್ವಕ್ಕಿರುವ ನವಲಗುಂದ ಮತ್ತು ಅಣ್ಣಿಗೇರಿ ಎರೆ ಮಣ್ಣಿನ ಬಯಲು ಪ್ರದೇಶ. ಕುಂದಗೋಳದ ಬಹುಭಾಗವೂ ಹೀಗೆಯೇ ಇದೆ. ಪಶ್ಚಿಮದ ಕಲಘಟಗಿ ಅರೆಮಲೆನಾಡು. ರಾಷ್ಟ್ರೀಯ ಹೆದ್ದಾರಿ 52 ವಿಜಯಪುರದ ಕಡೆಯಿಂದ ನವಲಗುಂದದ ಮೂಲಕ ಹುಬ್ಬಳ್ಳಿಗೆ ಬಂದು, ಅಲ್ಲಿಂದ ಕಲಘಟಗಿ, ಯಲ್ಲಾಪುರಗಳ ಮೂಲಕ ಅಂಕೋಲಾಕ್ಕೆ ಸಾಗುತ್ತದೆ. ಅಣ್ಣಿಗೇರಿಯು ಹುಬ್ಬಳ್ಳಿ ಮತ್ತು ಗದಗ ನಡುವಿನ ರಾಷ್ಟ್ರೀಯ ಹೆದ್ದಾರಿ 67ರಲ್ಲಿದೆ. ಕರಾವಳಿಗೆ ಪ್ರವಾಸ ಹೊರಟ ಬೈಕ್‌ಗಳು, ಸರಕು ಲಾರಿಗಳು ಹಾಗೂ ಹೊಲಕ್ಕೆ ಹೋಗುವ ರೈತರ ಬೈಕ್‌ಗಳು ಇಂತಹ ರಸ್ತೆಗಳನ್ನು ಹಂಚಿಕೊಳ್ಳುತ್ತವೆ.

ಬಯಲು ಸೀಮೆಯಲ್ಲಿ ರಸ್ತೆ ನೇರವಾಗಿದ್ದು ವಾಹನಗಳ ವೇಗ ಹೆಚ್ಚು. ಇಲ್ಲಿ ಅತ್ಯಂತ ಅಪಾಯದ ಕ್ಷಣವೆಂದರೆ ಬೈಕ್ ಸವಾರನು ಹೆದ್ದಾರಿಯಿಂದ ಬಲಕ್ಕೆ, ಊರಿನ ರಸ್ತೆಗೆ ಅಥವಾ ಹೊಲದ ದಾರಿಗೆ ತಿರುಗುವುದು. ಅವನು ವೇಗ ಇಳಿಸಿದಾಗ ಹಿಂದಿನ ವಾಹನವು ಅವನನ್ನು ಬಲಬದಿಯಿಂದ ಹಿಂದಿಕ್ಕಲು ಹೊರಡಬಹುದು. ಇಬ್ಬರೂ ಒಂದೇ ಜಾಗಕ್ಕೆ ಬರುತ್ತಾರೆ. ಮೇಲೆ ಲೆಕ್ಕಹಾಕಿದ 4.3 ಸೆಕೆಂಡುಗಳ ಅವಧಿಯ ಮಹತ್ವ ಇಲ್ಲಿ ಸ್ಪಷ್ಟವಾಗುತ್ತದೆ. ವೇಗ ಇಳಿಸುವ ಮೊದಲು ಬಲಗನ್ನಡಿ ನೋಡಿ, ಇಂಡಿಕೇಟರ್ ಹಾಕಿ, ಮತ್ತೊಮ್ಮೆ ಕನ್ನಡಿ ನೋಡಿ, ತಿರುಗುವ ಮುನ್ನ ಬಲಭುಜದ ಮೇಲಿಂದ ತಲೆ ಹೊರಳಿಸಿ ನೋಡುವುದು ಸುರಕ್ಷಿತ ಕ್ರಮ. ಸಂದೇಹವಿದ್ದರೆ ರಸ್ತೆಯ ಎಡಬದಿಗೆ ಇಳಿದು ನಿಂತು, ಎರಡೂ ಕಡೆ ಖಾಲಿಯಾದ ಮೇಲೆ ದಾಟುವುದು ಉತ್ತಮ.

ಸುಗ್ಗಿಯ ಕಾಲದಲ್ಲಿ ಹೊಟ್ಟು, ಕಣಿಕೆ ಅಥವಾ ಹತ್ತಿಯನ್ನು ಟ್ರೇಲರ್‌ನ ಅಗಲ ಮೀರಿ ಹೇರಿದ ಟ್ರ್ಯಾಕ್ಟರ್‌ಗಳೂ ಚಕ್ಕಡಿಗಳೂ ನಿಧಾನವಾಗಿ ಸಾಗುತ್ತವೆ. ಅವುಗಳನ್ನು ಹಿಂದಿಕ್ಕಲು ಬಲಕ್ಕೆ ಹೊರಳುವ ಸವಾರನು ಎದುರಿನ ರಸ್ತೆಯನ್ನಷ್ಟೇ ನೋಡಿದರೆ ಸಾಲದು. ಹಿಂದಿನ ವಾಹನವೂ ಅದೇ ಸಮಯಕ್ಕೆ ಹಿಂದಿಕ್ಕಲು ಆರಂಭಿಸಿರಬಹುದು.

ಮಳೆಗಾಲದಲ್ಲಿ ಎರೆ ಮಣ್ಣು ಚಕ್ರಕ್ಕೆ ಅಂಟಿ ಕನ್ನಡಿಯವರೆಗೂ ಸಿಡಿಯುತ್ತದೆ. ಬೇಸಿಗೆಯಲ್ಲಿ ಹೊಲದ ದಾರಿಯ ಧೂಳು ಗಾಜಿನ ಮೇಲೆ ಕೂರುತ್ತದೆ. ಒಣಗಿದ ಮಣ್ಣನ್ನು ಬಟ್ಟೆಯಿಂದ ಹಾಗೆಯೇ ಉಜ್ಜಿದರೆ ಗಾಜಿನ ಮೇಲೆ ಗೀರುಗಳು ಮೂಡುತ್ತವೆ. ರಾತ್ರಿಯಲ್ಲಿ ಹಿಂದಿನ ವಾಹನದ ಬೆಳಕು ಈ ಗೀರುಗಳಲ್ಲಿ ಚದುರಿ ಕಣ್ಣು ಕುಕ್ಕುತ್ತದೆ. ಮೊದಲು ನೀರು ಸುರಿದು ಮಣ್ಣನ್ನು ಕರಗಿಸಿ, ಅನಂತರ ಮೆತ್ತನೆಯ ಬಟ್ಟೆಯಿಂದ ಒರೆಸಬೇಕು. ಕಲಘಟಗಿಯಿಂದ ಯಲ್ಲಾಪುರದ ಕಡೆಗೆ ಮರಗಳ ನೆರಳು, ತಿರುವುಗಳು ಹಾಗೂ ಹೆಚ್ಚಿನ ಮಳೆ ಎದುರಾಗುತ್ತವೆ. ನೆರಳಿನಲ್ಲಿ ಬರುವ ದೀಪವಿಲ್ಲದ ವಾಹನವು ಮಳೆಹನಿಗಳಿಂದ ಕೂಡಿದ ಕನ್ನಡಿಯಲ್ಲಿ ಸುಲಭವಾಗಿ ಗೋಚರಿಸುವುದಿಲ್ಲ.

ಕಾನೂನು

ಭಾರತದಲ್ಲಿ ಮೋಟಾರು ವಾಹನಗಳ ಅಧಿನಿಯಮ, 1988 ಹಾಗೂ ಕೇಂದ್ರ ಮೋಟಾರು ವಾಹನ ನಿಯಮಗಳು, 1989 ವಾಹನಗಳ ಸುರಕ್ಷತಾ ಸಾಧನಗಳನ್ನು ನಿಯಂತ್ರಿಸುತ್ತವೆ. ಹಿನ್ನೋಟ ಕನ್ನಡಿಯು ಈ ನಿಯಮಗಳ ವ್ಯಾಪ್ತಿಗೆ ಬರುತ್ತದೆ. ಚಾಲನಾ ಪರವಾನಗಿಯ ಪರೀಕ್ಷೆಯನ್ನು ವಿವರಿಸುವ 15ನೆಯ ನಿಯಮವು ಸಂಕೇತ ನೀಡುವ, ಹೊರಡುವ, ದಿಕ್ಕು ಬದಲಿಸುವ ಮತ್ತು ನಿಲ್ಲಿಸುವ ಮುನ್ನ ಕನ್ನಡಿಯನ್ನು ಸರಿಯಾಗಿ ಬಳಸುವುದನ್ನು ಅಭ್ಯರ್ಥಿಯ ಸಾಮರ್ಥ್ಯಗಳಲ್ಲಿ ಒಂದಾಗಿ ಹೆಸರಿಸುತ್ತದೆ. ಪ್ರತ್ಯೇಕ ದಂಡ ನಿಗದಿಯಾಗದ ಉಲ್ಲಂಘನೆಗಳಿಗೆ ಅನ್ವಯಿಸುವ ಅಧಿನಿಯಮದ 177ನೆಯ ಕಲಮಿನಂತೆ, 2019ರ ತಿದ್ದುಪಡಿಯ ಅನಂತರ ಮೊದಲ ಸಲ 500 ರೂಪಾಯಿಗಳವರೆಗೆ, ಮತ್ತೆ ತಪ್ಪೆಸಗಿದರೆ 1,500 ರೂಪಾಯಿಗಳವರೆಗೆ ದಂಡ ವಿಧಿಸಬಹುದು. ಅಂದಕ್ಕಾಗಿ ಕನ್ನಡಿಯನ್ನು ಬಿಚ್ಚಿಡುವುದು ಅಥವಾ ಒಳಕ್ಕೆ ಮಡಚಿಡುವುದು ಯುವ ಸವಾರರಲ್ಲಿ ಕಂಡುಬರುವ ರೂಢಿ. ಮಡಚಿದ ಕನ್ನಡಿಯಿಂದ ಯಾವ ಪ್ರಯೋಜನವೂ ಇಲ್ಲ.

ಮಹತ್ವ ಮತ್ತು ಮಿತಿಗಳು

ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ಭಾರತದಲ್ಲಿ ರಸ್ತೆ ಅಪಘಾತಗಳಿಂದ 1,68,491 ಜನರು ಮೃತಪಟ್ಟರು. ಇವರಲ್ಲಿ ಶೇ. 44.5ರಷ್ಟು ಜನ ದ್ವಿಚಕ್ರ ವಾಹನಗಳ ಸವಾರರು. ಒಟ್ಟು ಅಪಘಾತಗಳಲ್ಲಿ ಸುಮಾರು ಐದನೆಯ ಒಂದು ಭಾಗ ಹಿಂದಿನಿಂದ ಡಿಕ್ಕಿಯಾದವು.

ಆದರೂ ಕನ್ನಡಿಯನ್ನೇ ದಿಟ್ಟಿಸುವುದು ಸಲ್ಲದು. ಅಮೆರಿಕದಲ್ಲಿ 1981ರಲ್ಲಿ ಪ್ರಕಟವಾದ, ಹ್ಯಾರಿ ಹರ್ಟ್ ನೇತೃತ್ವದ ಮೋಟಾರ್ ಸೈಕಲ್ ಅಪಘಾತಗಳ ಅಧ್ಯಯನವು ಬಹುಪಾಲು ಅಪಾಯಗಳು ಸವಾರನ ಮುಂದಿನಿಂದಲೇ ಎದುರಾಗುತ್ತವೆ ಎಂದು ತೋರಿಸಿತು. ಗಂಟೆಗೆ 50 ಕಿ.ಮೀ. ವೇಗದಲ್ಲಿ ಸಾಗುವ ಬೈಕ್, ಸವಾರನು ಒಂದು ಸೆಕೆಂಡು ಕನ್ನಡಿ ನೋಡುವಷ್ಟರಲ್ಲಿ ಸುಮಾರು 14 ಮೀ. ಮುಂದೆ ಹೋಗಿರುತ್ತದೆ. ಆದುದರಿಂದ ನೋಟವು ಚಿಕ್ಕದಾಗಿರಬೇಕು ಮತ್ತು ಆಗಾಗ ಆಗುತ್ತಿರಬೇಕು. ಒಂದು ನೋಟದಿಂದ ವಾಹನ ಇದೆಯೆಂದು ತಿಳಿಯುತ್ತದೆ. ಸ್ವಲ್ಪ ಹೊತ್ತಿನ ಅನಂತರದ ಎರಡನೆಯ ನೋಟದಲ್ಲಿ ಪ್ರತಿಬಿಂಬ ಎಷ್ಟು ದೊಡ್ಡದಾಗಿದೆ ಎಂಬುದರಿಂದ ಅದರ ವೇಗದ ಅಂದಾಜು ದೊರೆಯುತ್ತದೆ. ಪಕ್ಕದಲ್ಲಿ ಯಾರೂ ಇಲ್ಲವೆಂಬುದು ತಲೆ ಹೊರಳಿಸಿ ನೋಡಿದ ಮೇಲೆಯೇ ಖಚಿತವಾಗುತ್ತದೆ.